ಎಂಜಿನಿಯರುಗಳ ಸಂಘ ಯಾರಿಗಾಗಿ?

ಕಳೆದ ತಿಂಗಳು ನಮ್ಮ ಮನೆಯ ಇಂಟರ್‌ನೆಟ್ ಎರಡು ದಿನ ಕೈಕೊಟ್ಟಿತು. ಈಗಿನ ಕಾಲದಲ್ಲಿ ಎರಡು ದಿನವೆಂದರೆ ಎರಡು ತಿಂಗಳಿದ್ದ ಹಾಗೆ. ಮಗಳಿಗೆ ಆಫೀಸಿಲ್ಲ, ಮನೆಯಾಕೆಗೆ ಧಾರಾವಾಹಿಯಿಲ್ಲ, ನನಗೆ ನಿಮ್ಮೆಲ್ಲರ ಜೊತೆ ಹರಟೆಯಿಲ್ಲ. ಫೋನ್ ಮಾಡಿ ಮಾಡಿ ಸಾಕಾದ ಮೇಲೆ ಮೂರನೆಯ ದಿನ ಬೆಳಿಗ್ಗೆ ಒಬ್ಬ ಹುಡುಗ ಬಂದ. ಬೆನ್ನಿಗೊಂದು ದೊಡ್ಡ ಚೀಲ, ಕೈಯಲ್ಲಿ ಪುಟ್ಟ ಮೀಟರು. ಮರಾಠಿ-ಹಿಂದಿ ಬೆರೆಸಿ ಮಾತಾಡಿದ, ನಾನೂ ಹಾಗೇ ಉತ್ತರ ಕೊಟ್ಟೆ. ನಮ್ಮ ಡೊಂಬಿವಲಿಯಲ್ಲಿ ಯಾರು ಯಾರ ಹತ್ತಿರವೂ ಮೊದಲಿಗೆ ಮಾತಾಡುವ ಭಾಷೆ ಅದೇ.

ತಂತಿಯ ತುದಿಯನ್ನು ಮೀಟರಿಗೆ ಚುಚ್ಚಿದ. "ಮೈನಸ್ ಉಂತೀಸ್" ಅಂತ ತಲೆಯಾಡಿಸಿದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. "ಯವ್ವಾ, ಕೆಲಸದಾಗ ಅದೀನಿ, ಆಮ್ಯಾಲ ಮಾಡ್ತೀನಿ" ಅಂದ ನೋಡಿ!

ಆಮೇಲೆ ಕೇಳಬೇಕೇ? ಯಾದಗಿರಿ ಕಡೆಯ ಹುಡುಗ. ಐಟಿಐ ಮುಗಿಸಿ ಮುಂಬಯಿಗೆ ಬಂದು ನಾಲ್ಕು ವರ್ಷವಾಯಿತಂತೆ. ಕೆಲಸ ಶುದ್ಧ. ಮೆಟ್ಟಿಲ ಹತ್ತಿರ ಕೊಳವೆಯೊಳಗೆ ಯಾರೋ ಪೈಂಟರು ತಂತಿಯನ್ನು ಮೊಣಕೈಯಂತೆ ಮಡಚಿ ಒತ್ತಿಬಿಟ್ಟಿದ್ದರು. ಅದನ್ನು ಪತ್ತೆಹಚ್ಚಿ, ಕತ್ತರಿಸಿ, ಕೂದಲಿನಷ್ಟು ಸಣ್ಣ ಎರಡು ಗಾಜಿನ ಎಳೆಗಳನ್ನು ಎದುರುಬದುರು ಇಟ್ಟು ಬೆಸೆದ. ಮತ್ತೆ ಮೀಟರು ಹಿಡಿದಾಗ ಮೈನಸ್ ಹತ್ತೊಂಬತ್ತು. ರೂಟರಿನ ಕೆಂಪು ದೀಪ ಹಸಿರಾಯಿತು.

ಮನೆಯಾಕೆ ಚಹಾ ತಂದುಕೊಟ್ಟಳು. ಚಹಾ ಕುಡಿಯುತ್ತಾ ಅವನು ಸಂಕೋಚದಿಂದ ಕೇಳಿದ. "ಸರ, ನೀವು ಇದೇ ಲೈನ್ಯಾಗ ಇದ್ರಿ ಅಂದ್ರಿ. ಈ ಮೈನಸ್ ಅಂದ್ರ ಏನ್ರಿ? ಇಪ್ಪತ್ತೈದು ದಾಟಿದ್ರ ಮತ್ತ ಬೆಸಿ ಅಂತಾರ. ಯಾಕಂತ ಯಾರೂ ಹೇಳಿಲ್ರಿ."

ನಾಲ್ಕು ವರ್ಷದಿಂದ ದಿನಕ್ಕೆ ಹತ್ತು ಮನೆಗಳಲ್ಲಿ ಆ ಅಂಕಿ ಓದುತ್ತಿರುವ ಹುಡುಗ!

ಹಾಳೆ ತೆಗೆದುಕೊಂಡು ಕೂತೆ. ಬೆಳಕಿನ ಶಕ್ತಿ ಒಂದು ಮಿಲಿವ್ಯಾಟ್ ಇದ್ದರೆ ಮೀಟರು ಸೊನ್ನೆ ತೋರಿಸುತ್ತದೆ. ಅದರ ಹತ್ತನೇ ಒಂದು ಪಾಲಾದರೆ ಮೈನಸ್ ಹತ್ತು, ನೂರನೇ ಒಂದು ಪಾಲಾದರೆ ಮೈನಸ್ ಇಪ್ಪತ್ತು. ಮೈನಸ್ ಇಪ್ಪತ್ತೊಂಬತ್ತು ಅಂದರೆ ಹೆಚ್ಚುಕಡಿಮೆ ಎಂಟುನೂರರಲ್ಲಿ ಒಂದು ಪಾಲು. ಅಷ್ಟು ಮಂಕಾದ ಬೆಳಕಿನಲ್ಲಿ ಮನೆಯ ಪೆಟ್ಟಿಗೆಗೆ ಅಕ್ಷರ ಕಾಣುವುದಿಲ್ಲ. ನೀನು ಬೆಸೆದ ಮೇಲೆ ಎಂಬತ್ತರಲ್ಲಿ ಒಂದು ಪಾಲು, ಅಂದರೆ ಬೆಳಕು ಹತ್ತು ಪಟ್ಟು ಹೆಚ್ಚಾಯಿತು.

"ಹತ್ತು ಪಟ್ಟಾ?" ಅಂದ. ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡ. ಏಳುವಾಗ ಇನ್ನೊಂದು ಪ್ರಶ್ನೆ ಕೇಳಿದ. "ಸರ, ಕೆಲಸಾ ಮಾಡಕೋತ ನಾ ಎಂಜಿನಿಯರ್ ಆಗಬಹುದೇನ್ರಿ?"

ನನ್ನ ಹತ್ತಿರ ಉತ್ತರವಿರಲಿಲ್ಲ ಮಾರಾಯ್ರೆ. ನನ್ನ ಕಾಲದಲ್ಲಿ ಇದೇ ಪ್ರಶ್ನೆಗೆ ಉತ್ತರವಿತ್ತು.

*

ನನ್ನ ಕಥೆ ಹಳಬರಿಗೆ ಗೊತ್ತು. ಹೊಸಬರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಕುಂದಾಪುರದ ಕಡೆಯಿಂದ 1978ರಲ್ಲಿ ಮುಂಬಯಿಗೆ ಬಂದಾಗ ನನಗೆ ಹದಿನಾರು. ಹಗಲು ಹೋಟೆಲು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆ. ನಮ್ಮ ಎಷ್ಟು ಮಂದಿ ಗ್ಲಾಸು ತೊಳೆದ ಕೈಯಲ್ಲೇ ಪೆನ್ಸಿಲು ಹಿಡಿದು ಮೆಟ್ರಿಕ್ ಮಾಡಿದರು ಅನ್ನುವುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಆಮೇಲೆ ಪಾರ್ಟ್‌ಟೈಮ್ ಡಿಪ್ಲೊಮಾ, ಒಂದು ಕಂಪನಿಯಲ್ಲಿ ಟೆಕ್ನಿಶಿಯನ್ ಕೆಲಸ. ಅಲ್ಲಿಗೆ ದಾರಿ ಮುಗಿದಿತ್ತು. ಬಿಇ ಮಾಡಲು ಕೆಲಸ ಬಿಡಬೇಕು, ಕೆಲಸ ಬಿಟ್ಟರೆ ಊರಿಗೆ ಮನಿಯಾರ್ಡರ್ ಇಲ್ಲ.

ಆಗ ಹಿರಿಯ ಸಹೋದ್ಯೋಗಿಯೊಬ್ಬರು ಐಇಟಿಇ ಹೆಸರು ಹೇಳಿದರು. 1953ರಲ್ಲಿ ದಿಲ್ಲಿಯಲ್ಲಿ ದೂರಸಂಪರ್ಕ ಎಂಜಿನಿಯರುಗಳ ಸಂಸ್ಥೆಯಾಗಿ ಹುಟ್ಟಿ, ನಂತರ ಎಲೆಕ್ಟ್ರಾನಿಕ್ಸನ್ನೂ ಹೆಸರಿಗೆ ಸೇರಿಸಿಕೊಂಡ ಸಂಸ್ಥೆ ಅದು. ಬೇರೆ ವೃತ್ತಿ ಸಂಘಗಳ ಹಾಗೆ ಪತ್ರಿಕೆ ತರುತ್ತಿತ್ತು, ಉಪನ್ಯಾಸ ಏರ್ಪಡಿಸುತ್ತಿತ್ತು, ಪದಕ ಕೊಡುತ್ತಿತ್ತು. ಇವೆಲ್ಲದರ ಜೊತೆಗೆ ಪರೀಕ್ಷೆಯನ್ನೂ ನಡೆಸುತ್ತಿತ್ತು. ಜೂನ್ ಮತ್ತು ಡಿಸೆಂಬರಿನಲ್ಲಿ, ಸೆಕ್ಷನ್ ಎ, ಸೆಕ್ಷನ್ ಬಿ ಅಂತ. ಎರಡನ್ನೂ ಮುಗಿಸಿದರೆ ಹೆಸರಿನ ಮುಂದೆ ಎಎಂಐಇಟಿಇ. ಸರಕಾರಿ ನೌಕರಿಗೆ ಅದು ಎಂಜಿನಿಯರಿಂಗ್ ಪದವಿಗೆ ಸಮ.

1986ರಲ್ಲಿ ಸೇರಿದೆ, 1992ರಲ್ಲಿ ಮುಗಿಸಿದೆ. ಆರು ವರ್ಷ! ಸಿಗ್ನಲ್ಸ್ ಪೇಪರಿನಲ್ಲಿ ಎರಡು ಸಲ ಡುಮ್ಕಿ. ಕೆನಡಿಯ ಕಮ್ಯುನಿಕೇಶನ್ ಪುಸ್ತಕದ ಪುಟಗಳಿಗೆ ಡೊಂಬಿವಲಿ ಫಾಸ್ಟ್ ಲೋಕಲಿನ ಬೆವರಿನ ಕಲೆ ಈಗಲೂ ಇದೆ. ಆದರೆ ಹೇಳಬೇಕಾದ್ದು ಕಷ್ಟದ ಬಗ್ಗೆ ಅಲ್ಲ. ಆ ಸಂಘ ನನ್ನನ್ನು "ನೀನು ಯಾವ ಕಾಲೇಜು?" ಅಂತ ಕೇಳಲಿಲ್ಲ. "ನಿನಗೆ ಇದು ಬರುತ್ತದಾ?" ಅಂತ ಮಾತ್ರ ಕೇಳಿತು. ಬರುತ್ತದೆ ಅಂತ ತೋರಿಸಲು ಎಷ್ಟು ವರ್ಷ ಬೇಕಾದರೂ ಕಾಯಿತು.

ಮುಂದಿನದ್ದು ನಿಮಗೆ ಗೊತ್ತಿರಬಹುದು. 2013ರ ಮೇ 31ರ ಒಳಗೆ ಹೆಸರು ನೋಂದಾಯಿಸಿದವರಿಗಷ್ಟೇ ಆ ಸಮಾನತೆ ಅಂತ ಸರಕಾರ ಗೆರೆ ಎಳೆಯಿತು. ಐಇಟಿಇಗೆ ಮಾತ್ರವಲ್ಲ, ಇಂಥ ಪರೀಕ್ಷೆ ನಡೆಸುವ ಬೇರೆ ಸಂಘಗಳಿಗೂ. ನಾನು ಹತ್ತಿದ ಏಣಿ ನನ್ನ ಹಿಂದೆ ಬಂದವನಿಗೆ ಇಲ್ಲ.

*

ಇದನ್ನೆಲ್ಲ ಯೋಚಿಸುವಾಗ ನನಗೆ ನೆನಪಾಗುವುದು ಆಲಿವರ್ ಹೆವಿಸೈಡ್.

1871ರಲ್ಲಿ ಲಂಡನ್ನಿನಲ್ಲಿ ಟೆಲಿಗ್ರಾಫ್ ಎಂಜಿನಿಯರುಗಳ ಸಂಘವೊಂದು ಶುರುವಾಯಿತು. ಸಂಪರ್ಕ ತಂತ್ರಜ್ಞರ ವೃತ್ತಿ ಸಂಘಗಳ ಅಜ್ಜ ಅನ್ನಬಹುದು. ಮೊದಲ ಅಧ್ಯಕ್ಷ ವಿಲಿಯಂ ಸೀಮೆನ್ಸ್. ಸಮುದ್ರದಡಿ ಸಾವಿರಾರು ಮೈಲಿ ಕೇಬಲ್ ಎಳೆಯುತ್ತಿದ್ದ ಕಾಲ. ಯಾಕೆ ಸಂಕೇತ ಮಸುಕಾಗುತ್ತದೆ, ಎಲ್ಲಿ ತುಂಡಾಗಿದೆ ಅಂತ ಹೇಗೆ ಹುಡುಕುವುದು, ಇದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಒಂದು ಜಾಗ ಬೇಕಿತ್ತು. ವೃತ್ತಿ ಸಂಘದ ಮೂಲ ಉದ್ದೇಶ ಇಷ್ಟೇ ನೋಡಿ. ಒಬ್ಬ ಕಷ್ಟಪಟ್ಟು ಕಲಿತದ್ದನ್ನು ಇನ್ನೊಬ್ಬ ಮತ್ತೆ ಮೊದಲಿನಿಂದ ಕಲಿಯಬೇಕಾಗದಂತೆ ನೋಡಿಕೊಳ್ಳುವುದು.

ಹೆವಿಸೈಡ್ ಆಗ ಟೆಲಿಗ್ರಾಫ್ ಕಟ್ಟುತ್ತಿದ್ದ ಹುಡುಗ. ಹದಿನಾರಕ್ಕೇ ಶಾಲೆ ಬಿಟ್ಟವನು, ಕಿವಿ ಬೇರೆ ಸ್ವಲ್ಪ ಮಂದ. ಕೆಲಸದ ನಡುವೆ ತಾನೇ ಗಣಿತ ಕಲಿಯುತ್ತಿದ್ದ. ಸಂಘಕ್ಕೆ ಸೇರಬೇಕೆಂದರೆ ಟೆಲಿಗ್ರಾಫ್ ಗುಮಾಸ್ತರು ನಮಗೆ ಬೇಡ ಅನ್ನುವ ಧಾಟಿಯ ಉತ್ತರ ಬಂತು. ಅವನು ನೇರವಾಗಿ ವಿಲಿಯಂ ಥಾಮ್ಸನ್ ಹತ್ತಿರ ಹೋದ. ನಾವು ಮುಂದೆ ಲಾರ್ಡ್ ಕೆಲ್ವಿನ್ ಅಂತ ಓದುವ ಅದೇ ಥಾಮ್ಸನ್, ಅಟ್ಲಾಂಟಿಕ್ ಕೇಬಲ್ಲಿನ ಮಹಾಗುರು. ತನ್ನ ಹೆಸರು ಸೂಚಿಸಿ ಅಂತ ಕೇಳಿದ. ಥಾಮ್ಸನ್ ತಕ್ಷಣ ಒಪ್ಪಿದರು. 1874ರಲ್ಲಿ ಗುಮಾಸ್ತ ಒಳಗೆ ಬಂದ.

ಒಳಗೆ ಬಂದವನು ಏನು ಮಾಡಿದ? ತಂತಿಯ ಮೇಲೆ ಸಂಕೇತ ಹೇಗೆ ಓಡುತ್ತದೆ ಅನ್ನುವ ಸಮೀಕರಣಗಳನ್ನು ಬರೆದ. ಸೆಕ್ಷನ್ ಬಿ ಪರೀಕ್ಷೆಗೆ ನಾನು ಬಾಯಿಪಾಠ ಮಾಡಿದ್ದು ಅವನ್ನೇ. 1887ರಲ್ಲಿ, ಸಂಕೇತದ ಆಕಾರ ಕೆಡದಂತೆ ಕಳಿಸಲು ತಂತಿ ಹೇಗಿರಬೇಕು ಅಂತ ಲೆಕ್ಕ ಹಾಕಿ ತೋರಿಸಿದ. ತಂತಿಗೆ ಇಂಡಕ್ಟನ್ಸ್ ಸೇರಿಸಿದರೆ ಒಳ್ಳೆಯದು ಅಂದಾಗ ಬ್ರಿಟಿಷ್ ಅಂಚೆ ಇಲಾಖೆಯ ದೊಡ್ಡ ಎಂಜಿನಿಯರು ವಿಲಿಯಂ ಪ್ರೀಸ್ ಅದನ್ನು ಒಪ್ಪಲೇ ಇಲ್ಲ. ಆಮೇಲೆ ದೂರದ ಟೆಲಿಫೋನಿನ ಸ್ವರ ಕೇಳಿಸುವಂತೆ ಮಾಡಿದ ಲೋಡಿಂಗ್ ಕಾಯಿಲುಗಳು ಬಂದದ್ದು ಅದೇ ತತ್ವದ ಮೇಲೆ. ಮ್ಯಾಕ್ಸ್‌ವೆಲ್ಲನ ಸಿದ್ಧಾಂತವನ್ನು ಈಗ ಎಲ್ಲ ಪುಸ್ತಕದಲ್ಲೂ ಇರುವ ನಾಲ್ಕು ಸಾಲಿಗೆ ಇಳಿಸಿದವನೂ ಅವನೇ.

ನಡುವೆ ಚಂದಾ ಕಟ್ಟದೆ ಸಂಘದ ಪಟ್ಟಿಯಿಂದ ಅವನ ಹೆಸರು ಹೋಯಿತು. ಜೀವನಪೂರ್ತಿ ಬಡತನ. ಆದರೆ ಕೊನೆ ಕೇಳಿ. ಅದೇ ಸಂಘ ಬೆಳೆದು ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆಯಾಗಿ, ಫ್ಯಾರಡೆ ಪದಕ ಅಂತ ಸ್ಥಾಪಿಸಿ, 1922ರಲ್ಲಿ ಮೊಟ್ಟಮೊದಲ ಪದಕವನ್ನು ಕೊಟ್ಟಿದ್ದು ಈ ಗುಮಾಸ್ತನಿಗೆ!

ಥಾಮ್ಸನ್ ಅವತ್ತು "ನೋಡೋಣ, ಅರ್ಜಿ ಹಾಕು" ಅಂದಿದ್ದರೆ? ಹೆವಿಸೈಡ್ ಬಹುಶಃ ಹೇಗೂ ಬರೆಯುತ್ತಿದ್ದ, ಅವನ ಸ್ವಭಾವವೇ ಅಂಥದ್ದು. ಆದರೆ ಎಲ್ಲರೂ ಹೆವಿಸೈಡ್ ಅಲ್ಲ. ನಾನಂತೂ ಅಲ್ಲ. ಬಾಗಿಲು ಮುಚ್ಚಿದ್ದರೆ ಸುಮ್ಮನೆ ಮನೆಗೆ ಹೋಗುವವರೇ ನಮ್ಮಲ್ಲಿ ಹೆಚ್ಚು.

*

ಕೆಲವು ವರ್ಷಗಳ ಹಿಂದೆ ಒಂದು ವೃತ್ತಿ ಸಂಘದ ವಾರ್ಷಿಕ ಸಮಾವೇಶಕ್ಕೆ ಹೋಗಿದ್ದೆ. ಯಾವುದು, ಎಲ್ಲಿ ಅನ್ನುವುದು ಬೇಡ. ಸ್ಟಾರ್ ಹೋಟೆಲು, ದೀಪ ಬೆಳಗಿಸುವುದು, ಹೂಗುಚ್ಛ, ಶಾಲು. ಆರನೇ ತಲೆಮಾರಿನ ಮೊಬೈಲ್ ತಂತ್ರಜ್ಞಾನದ ಬಗ್ಗೆ ಒಳ್ಳೊಳ್ಳೆಯ ಭಾಷಣಗಳು. ಊಟದ ಹೊತ್ತಿಗೆ ಸಂಘಟಕರೊಬ್ಬರ ಹತ್ತಿರ ಕೇಳಿದೆ. ಫೈಬರ್ ಬೆಸೆಯುವವರು, ಟವರ್ ಹತ್ತುವವರು, ಇವರಿಗೂ ವರ್ಷಕ್ಕೊಂದು ದಿನ ಏನಾದರೂ ಮಾಡಬಹುದಲ್ಲ? ಅವರು ಒಳ್ಳೆಯವರೇ, ನಗುತ್ತಲೇ ಹೇಳಿದರು. "ಅದು ನಮ್ಮ ಸ್ಕೋಪಿಗೆ ಬರೋದಿಲ್ಲ."

ಈ 'ಸ್ಕೋಪ್' ಶಬ್ದ ನನ್ನ ತಲೆಯೊಳಗೆ ಹುಳದ ಹಾಗೆ ಕೂತಿದೆ. ಸಂಘಗಳು ವ್ಯಾಪ್ತಿ ಅಂದಾಗ ಯಾವಾಗಲೂ ವಿಷಯದ ವ್ಯಾಪ್ತಿಯ ಬಗ್ಗೆ ಮಾತಾಡುತ್ತವೆ. ತಂತಿ ಬೇಕೋ, ರೇಡಿಯೋ ಬೇಕೋ, ಉಪಗ್ರಹ ಸೇರುತ್ತದೋ, ಕಂಪ್ಯೂಟರ್ ಜಾಲ ಸೇರುತ್ತದೋ. ಆದರೆ ಇತಿಹಾಸ ನೋಡಿದರೆ ವಿಷಯದ ಬೇಲಿ ಯಾವತ್ತೂ ನಿಂತದ್ದೇ ಇಲ್ಲ. ಅಮೆರಿಕದಲ್ಲಿ 1884ರ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆಯಿತ್ತು. ರೇಡಿಯೋದ ಹುಡುಗರು 1912ರಲ್ಲಿ ತಮ್ಮದೇ ಬೇರೆ ಸಂಸ್ಥೆ ಕಟ್ಟಿದರು. ಹೊರದೇಶದವರೂ ಬರಲಿ ಅಂತ ಹೆಸರಿನಲ್ಲಿ 'ಅಮೆರಿಕನ್' ಅಂತ ಇಟ್ಟುಕೊಳ್ಳಲೇ ಇಲ್ಲ. ಈ ಕಿರಿಯ ಸಂಸ್ಥೆ ಎಷ್ಟು ಬೇಗ ಬೆಳೆಯಿತೆಂದರೆ 1950ರ ದಶಕ ಮುಗಿಯುವ ಮೊದಲೇ ಹಿರಿಯಣ್ಣನನ್ನು ಸದಸ್ಯರ ಸಂಖ್ಯೆಯಲ್ಲಿ ಮೀರಿಸಿತು. ಕೊನೆಗೆ 1963ರಲ್ಲಿ ಎರಡೂ ಸೇರಿ ಐಟ್ರಿಪಲ್‌ಇ ಆಯಿತು. ಅದರೊಳಗೆ 1972ರಲ್ಲಿ ಸಂಪರ್ಕ ಎಂಜಿನಿಯರುಗಳ ಪ್ರತ್ಯೇಕ ಸೊಸೈಟಿ. ತಮಾಷೆ ಏನಪ್ಪಾ ಅಂದರೆ, ನೀವೀಗ ಇದನ್ನು ಓದುತ್ತಿರುವ ವೈಫೈ ಇದೆಯಲ್ಲ, ಸಂಪರ್ಕ ಅಂದರೆ ಅದಕ್ಕಿಂತ ಸಂಪರ್ಕ ಯಾವುದಿದೆ? ಆದರೆ 1997ರ ಆ ಮಾನಕ ಬಂದದ್ದು ಐಟ್ರಿಪಲ್‌ಇಯ ಸಂಪರ್ಕ ಸೊಸೈಟಿಯ ಆಶ್ರಯದಲ್ಲಲ್ಲ, ಪಕ್ಕದ ಮನೆಯ ಕಂಪ್ಯೂಟರ್ ಸೊಸೈಟಿಯ ಆಶ್ರಯದಲ್ಲಿ!

ವಿಷಯದ ಬೇಲಿ ಹೀಗೆ ಆಚೀಚೆ ಆಗುತ್ತಲೇ ಇರುತ್ತದೆ, ಅದರಿಂದ ಯಾರಿಗೂ ನಷ್ಟವಿಲ್ಲ. ಜನರ ಬೇಲಿ ಹಾಗಲ್ಲ. ಅಲ್ಲಿ ಒಂದು ಗೂಟ ಈಚೆ ಬಂದರೂ ಯಾದಗಿರಿಯ ಹುಡುಗ ಹೊರಗೆ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಸಂಪರ್ಕ ಎಂಜಿನಿಯರುಗಳ ಸಂಘಕ್ಕೆ ಪತ್ರಿಕೆ, ಸಮಾವೇಶ, ಪದಕ ಎಲ್ಲ ಇರಲಿ, ಅವು ಬೇಕು. ಆದರೆ ಕೆಳಗಿನ ಮೆಟ್ಟಿಲಲ್ಲಿ ನಿಂತವನನ್ನು ಮೇಲೆ ತರುವ ದಾರಿ ಅದರ ಹತ್ತಿರ ಇಲ್ಲದಿದ್ದರೆ ಅದು ಸಂಘವಲ್ಲ, ಕ್ಲಬ್ಬು. ಕ್ಲಬ್ಬು ಕೆಟ್ಟದ್ದು ಅಂತಲ್ಲ. ಆದರೆ ಕ್ಲಬ್ಬನ್ನು ಸಂಘ ಅಂತ ಕರೆಯುವುದು ಬೇಡ.

*

ನೀವು ಎರಡು ಪ್ರಶ್ನೆ ಕೇಳುತ್ತೀರಿ ಅಂತ ಗೊತ್ತು, ನನ್ನ ಮಗಳೂ ಕೇಳಿದಳು.

ಒಂದು, ಲ್ಯಾಬು ಕಾಣದೆ ಪುಸ್ತಕ ಓದಿ ಪರೀಕ್ಷೆ ಬರೆದವನು ಎಂಜಿನಿಯರಾ? ಇದರಲ್ಲಿ ಸತ್ಯವಿದೆ, ಮುಚ್ಚಿಡುವುದಿಲ್ಲ. ನಾನು ಹಗಲಿಡೀ ಯಂತ್ರ ಬಿಚ್ಚಿ ಕೂಡಿಸುತ್ತಿದ್ದವನು, ನನಗೆ ಕೊರತೆಯಿದ್ದದ್ದು ಗಣಿತದಲ್ಲಿ. ಆದರೆ ನನ್ನ ಜೊತೆಗೇ ಪಾಸಾದ ಒಬ್ಬನಿಗೆ ಆಸಿಲೋಸ್ಕೋಪಿನ ಪ್ರೋಬು ಎಲ್ಲಿ ಹಿಡಿಯಬೇಕು ಅಂತ ನಾನೇ ತೋರಿಸಿಕೊಟ್ಟಿದ್ದೇನೆ. ಹಾಗಾಗಿ ಸರಕಾರಕ್ಕೆ ಅನುಮಾನ ಬಂದರೆ ತಪ್ಪೆನ್ನಲಾರೆ. ಆದರೆ ಮಾಡು ಸೋರಿದರೆ ಹೆಂಚು ಬದಲಾಯಿಸಬೇಕು, ಮನೆಯನ್ನೇ ಬೀಳಿಸುವುದೇ? ಕೆಲಸದ ಅನುಭವ ಕಡ್ಡಾಯ ಮಾಡಿ, ಪ್ರಾಯೋಗಿಕ ಪರೀಕ್ಷೆ ಬಿಗಿ ಮಾಡಿ, ಪಾಸಾಗುವುದನ್ನು ಇನ್ನೂ ಕಷ್ಟ ಮಾಡಿ. ಬಾಗಿಲು ಇರಲಿ. 2023ರಲ್ಲಿ ಎಐಸಿಟಿಇ ಉದ್ಯೋಗಿಗಳಿಗಾಗಿ ಕಾಲೇಜುಗಳಲ್ಲಿ ಸಂಜೆಯ ಪದವಿ ತರಗತಿಗಳಿಗೆ ಒಪ್ಪಿಗೆ ಕೊಟ್ಟಿತು, ಸಂತೋಷ. ಆದರೆ ಅದು ಡಿಪ್ಲೊಮಾ ಆದವರಿಗೆ, ಫೀಸು ಕಟ್ಟಬಲ್ಲವರಿಗೆ, ಸಂಜೆ ಹೊತ್ತಿಗೆ ಕೆಲಸ ಮುಗಿಯುವವರಿಗೆ. ನಮ್ಮ ಹುಡುಗನಿಗೆ ರಾತ್ರಿ ಒಂಬತ್ತಕ್ಕೂ ಫೋನು ಬರುತ್ತದೆ.

ಎರಡು, ಈಗ ಎಲ್ಲ ಪುಕ್ಕಟೆ ಸಿಗುತ್ತದಲ್ಲ? ಹೌದು, ಐಐಟಿ ಪ್ರೊಫೆಸರುಗಳ ಪಾಠಗಳು ಎನ್‌ಪಿಟೆಲ್‌ನಲ್ಲಿ ಎಷ್ಟೋ ವರ್ಷಗಳಿಂದ ಬರುತ್ತಿವೆ. ನಮ್ಮ ಕಾಲದಲ್ಲಿ ಅವು ಇದ್ದಿದ್ದರೆ ನಾನು ಸಿಗ್ನಲ್ಸಿನಲ್ಲಿ ಎರಡು ಸಲ ಡುಮ್ಕಿ ಹೊಡೆಯುತ್ತಿರಲಿಲ್ಲ. ಆದರೆ ನಾಲ್ಕು ವರ್ಷ ಮೊಬೈಲು ಜೇಬಲ್ಲೇ ಇದ್ದ ಹುಡುಗನಿಗೆ ಮೈನಸ್ ಅಂದರೆ ಏನು ಅಂತ ಗೊತ್ತಾಗಲಿಲ್ಲವಲ್ಲ, ಯಾಕೆ? ಏನನ್ನು ಹುಡುಕಬೇಕು ಅಂತ ಹೇಳುವವರಿರಲಿಲ್ಲ. ಕೇಳಿದರೆ ನಗುತ್ತಾರೇನೋ ಅನ್ನುವ ಭಯವಿತ್ತು. ಕನ್ನಡದಲ್ಲಿ ಕೇಳಲು ಒಬ್ಬ ಮನುಷ್ಯ ಸಿಕ್ಕಾಗ ಚಹಾ ತಣ್ಣಗಾಗುವ ಮೊದಲೇ ಕೇಳಿದ. ನನ್ನ ಕಾಲದಲ್ಲಿ ಆ ಮನುಷ್ಯ ಸಂಘದ ಲೈಬ್ರರಿಯಲ್ಲಿ ಶುಕ್ರವಾರ ಸಂಜೆ ಕೂರುತ್ತಿದ್ದ ನಿವೃತ್ತ ಎಂಜಿನಿಯರೊಬ್ಬರು. ಯಾರು ಏನು ಕೇಳಿದರೂ ಸಿಗರೇಟು ಪ್ಯಾಕಿನ ಹಿಂದೆ ಚಿತ್ರ ಬರೆದು ತೋರಿಸುತ್ತಿದ್ದರು. ಅವರು ಯಾವ ಸಮಾವೇಶದಲ್ಲೂ ಭಾಷಣ ಮಾಡಿದ್ದು ನನಗೆ ನೆನಪಿಲ್ಲ.

ಹಾಗಾದರೆ ಏನು ಮಾಡಬಹುದು? ದೊಡ್ಡದು ದಿಲ್ಲಿಯಲ್ಲಿ ಆಗಬೇಕು, ಅದು ನಮ್ಮ ಕೈಯಲ್ಲಿಲ್ಲ. ಸಣ್ಣದು ಇಲ್ಲೇ ಆಗಬಹುದು. ಸಂಘಗಳ ಊರೂರಿನ ಕೇಂದ್ರಗಳು ತಿಂಗಳಿಗೊಂದು ಭಾನುವಾರ ಟೆಕ್ನಿಶಿಯನ್ನರಿಗೆ ಬಾಗಿಲು ತೆರೆಯಲಿ. ಪಾಠ ಆಯಾ ಜನರ ಭಾಷೆಯಲ್ಲಿರಲಿ. ಮುಂಬಯಿಯಲ್ಲಿ ಮರಾಠಿ, ಹಿಂದಿ, ಕನ್ನಡ, ಯಾವುದಾದರೂ ಸರಿ. ಕೊನೆಗೊಂದು ಪರೀಕ್ಷೆ ಇಟ್ಟು, ಪಾಸಾದವನಿಗೆ ಸಂಘದ ಮೊಹರಿರುವ ಒಂದು ಕಾಗದ ಕೊಡಲಿ. ಪದವಿಗೆ ಸಮ ಅಲ್ಲದಿದ್ದರೂ ಅವನ ಸೂಪರ್‌ವೈಸರ್ ಮುಂದೆ ಇಡಲು ಏನೋ ಒಂದು.

ಆ ಹುಡುಗ ಮತ್ತೆ ಬಂದಿದ್ದ, ರಿಪೇರಿಗೆ ಅಲ್ಲ. ಜೊತೆಗೆ ಇನ್ನಿಬ್ಬರು, ಒಬ್ಬ ಬಿಹಾರದವನು, ಒಬ್ಬ ಇಲ್ಲೇ ಕಲ್ಯಾಣದವನು. ನಾನು ಹೋದ ಸಲ ಬರೆದುಕೊಟ್ಟ ಹಾಳೆಯನ್ನು ಮಡಚಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದ. ಗಾಜಿನ ಎಳೆಯಿಂದ ಬೆಳಕು ಆಚೆ ಚೆಲ್ಲುವುದಿಲ್ಲ ಯಾಕೆ, ಮಡಚಿದರೆ ಯಾಕೆ ಚೆಲ್ಲುತ್ತದೆ ಅಂತ ಕೇಳಿದ. ಒಂದೂವರೆ ತಾಸು ಕೂತೆವು. ಅರ್ಧ ಹಿಂದಿ, ಅರ್ಧ ಕನ್ನಡ, ಒಂದು ಬಕೆಟ್ಟು ನೀರು, ಒಂದು ಟಾರ್ಚು. ಅವನ ಎಂಜಿನಿಯರ್ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ಅದು ನನ್ನೊಬ್ಬನ ಕೈಯಲ್ಲಿ ಆಗುವ ಉತ್ತರವಲ್ಲ.

ನಿಮ್ಮಲ್ಲಿ ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿರುವ ಎಷ್ಟೋ ಮಂದಿ ಇಂಥ ಸಂಘಗಳ ಸದಸ್ಯರಿದ್ದೀರಿ, ಕೆಲವರು ಪದಾಧಿಕಾರಿಗಳೂ ಹೌದು. ಮುಂದಿನ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದಿ ಮುಗಿದ ಮೇಲೆ ಕೈ ಎತ್ತಿ ಒಂದೇ ಪ್ರಶ್ನೆ ಕೇಳಿ. ಕಾಲೇಜಿಗೆ ಹೋಗಲಾಗದ ಎಷ್ಟು ಜನ ಈ ವರ್ಷ ನಮ್ಮಿಂದ ಏನಾದರೂ ಕಲಿತರು? ಏನು ಉತ್ತರ ಬಂತು ಅಂತ ನನಗೂ ತಿಳಿಸಿ.

ಇಂಟರ್‌ನೆಟ್ ಇದ್ದರೆ ಓದುತ್ತೇನೆ!